ನಾವು ಕಾಲಿಡದ ಕಾಡೂ ಒಂದಿಷ್ಟು ಇರಲಿ

ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತುವುದು, ಕಾಡಿನೊಳಗೆ ಟೆಂಟ್ ಹಾಕಿ ಮಲಗುವುದು ಅಂದ್ರೆ ನನಗೆ ಪ್ರಾಣ. ಹಾಗಿದ್ದೂ ಈ ಮಾತು ಹೇಳುತ್ತೇನೆ: ನಮ್ಮಂಥ ಚಾರಣಿಗರು ಕಾಲಿಡದ ಕಾಡು ಈಗಿರುವುದಕ್ಕಿಂತ ಜಾಸ್ತಿ ಬೇಕು. ಗಣಿ, ಅಣೆಕಟ್ಟು, ಹೆದ್ದಾರಿ ಅಂದಾಗ ನಾವೆಲ್ಲ ಒಟ್ಟಾಗಿ ವಿರೋಧಿಸುತ್ತೇವೆ. ಅದೇ ಒಂದು ಕಾಲುದಾರಿಯನ್ನು ಎರಡು ತಿಂಗಳು ಮುಚ್ಚಿದರೆ ಮೊದಲು ಸಿಟ್ಟಾಗುವವರೂ ನಾವೇ. ನಾವೇನು ಕಸ ಹಾಕ್ತೀವಾ, ಬೆಂಕಿ ಹಚ್ತೀವಾ, ಸುಮ್ನೆ ನಡ್ಕೊಂಡು ಹೋಗ್ತೀವಿ ಅಷ್ಟೇ ಅಲ್ವಾ ಅನ್ನುವುದು ಎಲ್ಲರ ಮಾತು.

ಸುಮ್ನೆ ನಡೆದು ಹೋದರೆ ಪ್ರಾಣಿಗೆ ಏನಾಗುತ್ತದೆ ಅನ್ನುವುದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಕೊಲೊರಾಡೊದಲ್ಲಿ 1990ರ ದಶಕದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಮೇಲೆ ಒಂದು ಪ್ರಯೋಗ ನಡೆಯಿತು. ಹೆಣ್ಣು ಎಲ್ಕ್‌ಗಳ ಕೊರಳಿಗೆ ರೇಡಿಯೊ ಕಾಲರ್ ಕಟ್ಟಿದರು. ಅವು ಮರಿ ಹಾಕುವ ದಿನಗಳಲ್ಲಿ ಜನ ಕಾಲ್ನಡಿಗೆಯಲ್ಲಿ ಹತ್ತಿರ ಹೋಗುತ್ತಿದ್ದರು. ಎಲ್ಕ್ ಎದ್ದು ಜಾಗ ಬಿಡುವವರೆಗೆ ಹೋಗುವುದು, ಆಮೇಲೆ ವಾಪಸ್ ಬರುವುದು, ಇಷ್ಟೇ. ಬಂದೂಕಿಲ್ಲ, ನಾಯಿಯಿಲ್ಲ, ಅಟ್ಟಿಸಿಕೊಂಡು ಹೋಗುವುದೂ ಇಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಎಣಿಸಿದರೆ, ಯಾರೂ ಹತ್ತಿರ ಹೋಗದೆ ಬಿಟ್ಟ ಹಿಂಡಿಗಿಂತ ಈ ಹಿಂಡಿನಲ್ಲಿ ತಾಯಿಯ ಜೊತೆಗಿದ್ದ ಮರಿಗಳ ಪ್ರಮಾಣ ಎದ್ದು ಕಾಣುವಷ್ಟು ಕಡಿಮೆ. ಆ ಋತುವಿನಲ್ಲಿ ಒಂದೊಂದು ತಾಯಿಯನ್ನು ಮಾಮೂಲಿಗಿಂತ ಸರಾಸರಿ ಹತ್ತು ಸಲ ಹೆಚ್ಚು ಎಬ್ಬಿಸಿದರೆ ಸಾಕು, ಹಿಂಡು ಬೆಳೆಯುವುದೇ ನಿಂತುಹೋಗುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದರು. 2000ದಲ್ಲಿ ಇದು ಪ್ರಕಟವಾಯಿತು. ಹತ್ತು ಸಲ ಅಂದರೆ ಎಷ್ಟು? ಜನಪ್ರಿಯ ದಾರಿಯೊಂದರಲ್ಲಿ ಶನಿವಾರ ಒಂದೇ ಬೆಳಗ್ಗೆ ಹತ್ತಕ್ಕಿಂತ ಜಾಸ್ತಿ ಗುಂಪು ಹಾದುಹೋಗುತ್ತವೆ. ಪ್ರತಿ ಗುಂಪೂ ತಾನು ಏನೂ ಮಾಡಲಿಲ್ಲ ಅಂದುಕೊಂಡೇ ಹೋಗಿರುತ್ತದೆ.

ಪ್ರಾಣಿ ಓಡಲಿಲ್ಲ ಅಂದರೆ ಅದಕ್ಕೇನೂ ಆಗಲಿಲ್ಲ ಎಂದೇ ನಾವು ತಿಳಿಯುತ್ತೇವೆ. ಅದೂ ನಿಜ ಅಲ್ಲ. ಅಮೆರಿಕದ ಮಿನೆಸೋಟದಲ್ಲಿ ಕಪ್ಪು ಕರಡಿಗಳ ಎದೆಬಡಿತ ಅಳೆಯುವ ಉಪಕರಣ ಅಳವಡಿಸಿ, ಅವುಗಳ ಮೇಲೆ ಡ್ರೋನ್ ಹಾರಿಸಿ ನೋಡಿದರು. ಹೆಚ್ಚಿನ ಕರಡಿಗಳು ಇದ್ದಲ್ಲೇ ಇದ್ದವು, ನೋಡುವವರ ಕಣ್ಣಿಗೆ ಏನೂ ಆದಂತಿರಲಿಲ್ಲ. ಒಳಗೆ ಎದೆಬಡಿತ ಮಾತ್ರ ಏರಿತ್ತು, ಒಂದು ಸಲವಂತೂ ನಿಮಿಷಕ್ಕೆ 123ರಷ್ಟು ಹೆಚ್ಚಾಗಿತ್ತು. ಡ್ರೋನ್ ಹಾರಿಸಿ ತೆಗೆದ ವಿಡಿಯೊಗಳಲ್ಲಿ ಪ್ರಾಣಿ ನೆಮ್ಮದಿಯಿಂದ ನಿಂತಿರುವುದನ್ನು ಕಂಡಾಗಲೆಲ್ಲ ನನಗೆ ಈ ಅಂಕಿ ನೆನಪಾಗುತ್ತದೆ.

ಇನ್ನು ನಮ್ಮ ದನಿ. ದಕ್ಷಿಣ ಆಫ್ರಿಕಾದ ಕ್ರೂಗರ್ ಪ್ರದೇಶದಲ್ಲಿ ನೀರಿನ ಹೊಂಡಗಳ ಹತ್ತಿರ ಸ್ಪೀಕರ್, ಕ್ಯಾಮೆರಾ ಇಟ್ಟು, ಬಂದ ಪ್ರಾಣಿಗಳಿಗೆ ಬೇರೆ ಬೇರೆ ಸದ್ದು ಕೇಳಿಸಿದರು. ಸಿಂಹದ ದನಿ, ನಾಯಿ ಬೊಗಳುವುದು, ಗುಂಡಿನ ಸದ್ದು, ಮತ್ತೆ ಮನುಷ್ಯರು ಮಾಮೂಲಾಗಿ ಮಾತಾಡುವುದು. 2023ರಲ್ಲಿ ಬಂದ ಫಲಿತಾಂಶ ನನ್ನನ್ನು ಬೆಚ್ಚಿಬೀಳಿಸಿತು. ಸಿಂಹದ ದನಿಗಿಂತ ಮನುಷ್ಯರ ಮಾತು ಕೇಳಿದಾಗ ಪ್ರಾಣಿಗಳು ಓಡಿಹೋಗುವ ಸಾಧ್ಯತೆ ಎರಡು ಪಟ್ಟು. ಆನೆ, ಜಿರಾಫೆ, ಚಿರತೆ, ಎಲ್ಲವೂ ಇದರಲ್ಲಿ ಸೇರಿವೆ. ಯಾರೂ ಕಿರುಚಿರಲಿಲ್ಲ, ಬರೀ ಮಾತು. ಹಿಂದಿರುವ ಗೆಳೆಯನಿಗೆ ನೀರಿನ ಬಾಟಲಿ ಕೊಡು ಅಂತ ನಾವು ಕೂಗುವುದು ಅದಕ್ಕಿಂತ ಜೋರಾಗಿಯೇ ಇರುತ್ತದೆ. ಕರಡಿಗಳಿರುವ ಕಡೆ ಎದುರಾಬದುರು ಸಿಕ್ಕಿಬೀಳದಂತೆ ಮಾತಾಡಿಕೊಂಡು ಹೋಗಿ ಎಂದು ಹೇಳುತ್ತಾರೆ, ಅದು ಸರಿ, ಜೀವದ ಪ್ರಶ್ನೆ. ಅಂದರೆ ಅಂಥ ಜಾಗದಲ್ಲಿ ನಾವು ಇದ್ದೇವೆ ಅಂದಮೇಲೆ ತೊಂದರೆ ಕೊಡುತ್ತಿದ್ದೇವೆ ಅಂತಲೇ ಅರ್ಥ. ಮೆಲ್ಲಗೆ ಹೆಜ್ಜೆ ಇಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ನಮ್ಮಿಂದ ತಪ್ಪಿಸಿಕೊಳ್ಳಲು ಪ್ರಾಣಿಗಳು ಹಗಲನ್ನೇ ಬಿಟ್ಟುಕೊಡುತ್ತಿವೆ. ಆರು ಖಂಡಗಳ 62 ಜಾತಿಯ ಸಸ್ತನಿಗಳ ಬಗ್ಗೆ ನಡೆದ 76 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಲೇಖನ 2018ರಲ್ಲಿ ಬಂತು. ಮನುಷ್ಯರ ಓಡಾಟ ಇರುವ ಕಡೆ ಪ್ರಾಣಿಗಳು ರಾತ್ರಿ ತಿರುಗುವುದು ಹೆಚ್ಚಾಗಿದೆ ಎಂದು ಅದು ತೋರಿಸಿತು. ಬೇಟೆಯಿಂದ ಮಾತ್ರ ಹೀಗಾಗಿದ್ದರೆ ಅರ್ಥವಾಗುತ್ತಿತ್ತು, ಆದರೆ ಬರೀ ನಡೆದಾಡುವವರಿದ್ದ ಕಡೆಯೂ ಇದೇ ಕಥೆ.

ಚಳಿಗಾಲದ ಆಲ್ಪ್ಸ್ ಪರ್ವತಗಳ ಕಪ್ಪು ಗ್ರೌಸ್ ಹಕ್ಕಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದರ ಪಾಡು ಕಣ್ಣಿಗೆ ಬೀಳುವುದೇ ಇಲ್ಲ. ಕೋಳಿಯಷ್ಟು ದೊಡ್ಡ ಹಕ್ಕಿ ಅದು. ಹಿಮ ಬಿದ್ದಮೇಲೆ ಸಿಗುವುದು ಮರದ ಸೂಜಿ ಎಲೆ, ಮೊಗ್ಗು, ಇಂಥ ಸತ್ವವಿಲ್ಲದ ಆಹಾರ. ಹಾಗಾಗಿ ಹಿಮದೊಳಗೆ ಬಿಲ ತೋಡಿ, ಹೊರಗಿನ ಕೊರೆಯುವ ಚಳಿಯಿಂದ ತಪ್ಪಿಸಿಕೊಂಡು, ದಿನದ ಹೆಚ್ಚು ಹೊತ್ತು ಅಲ್ಲೇ ಅಲುಗಾಡದೆ ಕೂರುತ್ತದೆ. ಹೊರಬರುವುದು ಮೇಯುವ ಹೊತ್ತಿಗೆ ಮಾತ್ರ. ಇಡೀ ಚಳಿಗಾಲ ಹೀಗೆ ಶಕ್ತಿ ಉಳಿಸಿಕೊಂಡರಷ್ಟೇ ವಸಂತ ಕಾಣುತ್ತದೆ. ಗುರುತು ಮಾಡಿದ ದಾರಿ ಬಿಟ್ಟು ಸ್ಕೀಯಿಂಗ್ ಮಾಡುವವರು ಆ ಬಿಲದ ಪಕ್ಕದಲ್ಲೇ ಜಾರಿಹೋದಾಗ ಹಕ್ಕಿ ಹಿಮ ಒಡೆದುಕೊಂಡು ಹಾರಿಹೋಗುತ್ತದೆ. ಮತ್ತೆ ಇನ್ನೊಂದು ಬಿಲ ತೋಡಬೇಕು, ಕಳೆದುಕೊಂಡ ಶಕ್ತಿಗೆ ಜಾಸ್ತಿ ಹೊತ್ತು ಹೊರಗೆ ಮೇಯಬೇಕು, ಅಷ್ಟು ಹೊತ್ತೂ ಹದ್ದು ನರಿಗಳ ಕಣ್ಣಿಗೆ ಬೀಳಬೇಕು. ಸ್ವಿಟ್ಜರ್‌ಲೆಂಡ್‌ನ ಸಂಶೋಧಕರು ಹಿಕ್ಕೆ ಪರೀಕ್ಷಿಸಿ, ಹೀಗೆ ಎಬ್ಬಿಸಿದ ಹಕ್ಕಿಗಳಲ್ಲಿ ಒತ್ತಡದ ಹಾರ್ಮೋನ್ ಏರಿರುವುದನ್ನು ತೋರಿಸಿದರು. ಆ ದೇಶದಲ್ಲಿ ಈಗ ವನ್ಯಜೀವಿಗಳಿಗಾಗಿಯೇ ನಿಶ್ಶಬ್ದ ವಲಯಗಳಿವೆ. ಹೆಚ್ಚಿನವು ಚಳಿಗಾಲದಲ್ಲಿ ಜಾರಿಗೆ ಬರುತ್ತವೆ, ನಕ್ಷೆಯಲ್ಲಿ ಗುರುತು ಇರುತ್ತದೆ, ಕಡ್ಡಾಯ ವಲಯದೊಳಗೆ ದಾರಿ ಬಿಟ್ಟು ನುಗ್ಗಿದರೆ ದಂಡ. ನನ್ನ ಪ್ರಕಾರ ಇದು ನ್ಯಾಯವಾದ ವ್ಯವಸ್ಥೆ. ಪೂರ್ತಿ ಬೆಟ್ಟ ಮುಚ್ಚಿಲ್ಲ, ವರ್ಷಪೂರ್ತಿಯೂ ಮುಚ್ಚಿಲ್ಲ.

ಕೆಲವು ಕಡೆ ನಮ್ಮ ಬೂಟೇ ರೋಗ ಹೊತ್ತು ತರುತ್ತದೆ. ನ್ಯೂಜಿಲೆಂಡ್‌ನ ಉತ್ತರ ಭಾಗದಲ್ಲಿ ಮಾತ್ರ ಬೆಳೆಯುವ ಕೌರಿ ಮರಗಳು ಸಾವಿರ ವರ್ಷಕ್ಕೂ ಹೆಚ್ಚು ಬಾಳುತ್ತವೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಯೊಂದು ಬೇರಿಗೆ ಹತ್ತಿಕೊಂಡು ಇವನ್ನು ನಿಧಾನಕ್ಕೆ ಕೊಲ್ಲುತ್ತಿದೆ. ಒಮ್ಮೆ ಹತ್ತಿದರೆ ಪೂರ್ತಿ ಗುಣವಾಗುವ ಮದ್ದಿಲ್ಲ. ಹಂದಿಗಳೂ ಹರಡುತ್ತವೆ, ನಡೆಯುವವರ ಬೂಟಿಗಂಟಿದ ಮಣ್ಣೂ ಹರಡುತ್ತದೆ, ಒಂದು ಚಿಟಿಕೆ ಕೆಸರು ಸಾಕು. ವೈಟಾಕೆರೆ ಬೆಟ್ಟಗಳ ಕಾಡಿಗೆ 2017ರ ಡಿಸೆಂಬರ್‌ನಲ್ಲಿ ಅಲ್ಲಿನ ಮಾವೊರಿ ಬುಡಕಟ್ಟಿನವರು ತಮ್ಮ ಸಂಪ್ರದಾಯದ ಪ್ರಕಾರ ಪ್ರವೇಶ ನಿಷೇಧ ಹೇರಿದರು. ಆಡಳಿತ ಮುಂದಿನ ವರ್ಷ ದಾರಿಗಳನ್ನು ಮುಚ್ಚಿತು. ಆಮೇಲೆ ಬೇರು ತುಳಿಯದಂತೆ ಹಲಗೆ, ಜಲ್ಲಿ ಹಾಕಿ ಒಂದೊಂದೇ ದಾರಿಯನ್ನು ಮತ್ತೆ ತೆರೆಯುತ್ತಾ ಬಂದರು. ದಾರಿಯ ಬಾಯಲ್ಲೇ ಬ್ರಷ್, ಸೋಂಕುನಾಶಕ ಇಟ್ಟಿರುತ್ತಾರೆ. ಬೂಟಿನ ಅಡಿಯ ಪ್ರತಿ ಗೆರೆಯಿಂದ ಮಣ್ಣು ಕೆರೆದು ತೆಗೆಯಬೇಕು, ಆಮೇಲೆ ಔಷಧಿ, ಹೋಗುವಾಗಲೂ ಬರುವಾಗಲೂ. ಒಂದೆರಡು ನಿಮಿಷದ ಕೆಲಸ. ಅಷ್ಟಕ್ಕೂ ಕೆಲವರು ಪಕ್ಕದಿಂದ ನುಸುಳುತ್ತಾರೆ ಅಂತ ಓದಿದಾಗ ಹೊಟ್ಟೆ ಉರಿಯುತ್ತದೆ.

ನಾಯಿ ಕರೆದುಕೊಂಡು ಹೋಗುವವರಿಗೂ ಒಂದು ಮಾತು, ಬೇಜಾರಾಗಬೇಡಿ. ಆಸ್ಟ್ರೇಲಿಯಾದಲ್ಲಿ ಹಗ್ಗ ಹಾಕಿದ ನಾಯಿಯನ್ನೇ ಕಾಡಿನ ದಾರಿಯಲ್ಲಿ ನಡೆಸಿ ನೋಡಿದಾಗ, ಕಂಡುಬಂದ ಹಕ್ಕಿಗಳ ಸಂಖ್ಯೆ 41% ಇಳಿದಿತ್ತು.

ಮುಚ್ಚಿದರೆ ಜನ ಕೇಳುವುದಿಲ್ಲ ಅಂತ ಹೇಳುವವರಿಗೆ ಬಂಡೆ ಹತ್ತುವವರನ್ನು ತೋರಿಸುತ್ತೇನೆ. ಡಿಡಿಟಿ ಎಂಬ ಕೀಟನಾಶಕದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಪೆರಿಗ್ರಿನ್ ಡೇಗೆ ಅಮೆರಿಕದಲ್ಲಿ ಅಳಿವಿನಂಚಿಗೆ ಹೋಗಿತ್ತು. 1972ರಲ್ಲಿ ಅಲ್ಲಿ ಡಿಡಿಟಿ ನಿಷೇಧವಾಯಿತು, 1999ರಲ್ಲಿ ಈ ಹಕ್ಕಿಯ ಹೆಸರು ಅಳಿವಿನಂಚಿನ ಪಟ್ಟಿಯಿಂದ ಹೊರಬಂತು. ಅದು ಗೂಡು ಮಾಡುವುದು ಕಡಿದಾದ ಬಂಡೆಯ ಅಂಚುಗಳಲ್ಲಿ, ಹತ್ತುವವರಿಗೂ ಅವೇ ಬೇಕು. ಅಲ್ಲಿನ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಪ್ರತಿ ವಸಂತದಲ್ಲೂ ಗೂಡಿರುವ ಬಂಡೆಗಳನ್ನು ಮುಚ್ಚುತ್ತಾರೆ. ಸಿಬ್ಬಂದಿ ಗಮನಿಸುತ್ತಾ ಇರುತ್ತಾರೆ, ಗೂಡು ಕಟ್ಟದ ಬಂಡೆಯನ್ನು ಬೇಗ ತೆರೆಯುತ್ತಾರೆ. ಯಾಕೆ, ಎಲ್ಲಿಯವರೆಗೆ ಅನ್ನುವುದು ಗೊತ್ತಿರುವುದರಿಂದ ಹತ್ತುವವರು ಒಪ್ಪುತ್ತಾರೆ. ಬರೀ "ಪ್ರವೇಶವಿಲ್ಲ" ಅಂತ ಬೋರ್ಡ್ ಹಾಕಿ ಕೈತೊಳೆದುಕೊಂಡರೆ ಅಂಥ ಸಹಕಾರ ಸಿಗುವುದಿಲ್ಲ, ಇದು ಅಧಿಕಾರಿಗಳಿಗೆ ಅರ್ಥವಾಗಬೇಕು.

ನೋಡದೆ ಪ್ರೀತಿ ಹುಟ್ಟುವುದಿಲ್ಲ, ಜನರನ್ನು ದೂರವಿಟ್ಟರೆ ಕಾಡಿನ ಪರ ನಿಲ್ಲುವವರು ಯಾರು ಅನ್ನುವ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನನಗೂ ಕಾಡಿನ ಹುಚ್ಚು ಹಿಡಿದದ್ದು ಕಾಡೊಳಗೆ ಹೋಗಿಯೇ. ಆದರೆ ದೊಡ್ಡ ಉದ್ಯಾನಗಳಲ್ಲಿ ಬಹುಪಾಲು ಜನ ಸುತ್ತುವುದು ರಸ್ತೆ ಮತ್ತು ಹೆಸರಾದ ಕೆಲವೇ ದಾರಿಗಳ ಆಸುಪಾಸಿನಲ್ಲಿ. ಪ್ರೀತಿ ಹುಟ್ಟಲು ಅಷ್ಟು ಸಾಕು. ದೂರದ ಕಣಿವೆ, ಮರಿ ಹಾಕುವ ಹುಲ್ಲುಗಾವಲು ಬಿಟ್ಟುಕೊಟ್ಟರೆ ಯಾರ ಪ್ರೀತಿಯೂ ಕಡಿಮೆಯಾಗುವುದಿಲ್ಲ. 1964ರ ಅಮೆರಿಕದ ವನ್ಯಪ್ರದೇಶ ಕಾಯ್ದೆ, ಮನುಷ್ಯ ಅಲ್ಲಿಗೆ ಬಂದುಹೋಗುವವನು ಮಾತ್ರ ಎಂದಿತು, ರಸ್ತೆ ಬೇಡ, ಮೋಟಾರು ವಾಹನ ಬೇಡ ಎಂದಿತು. ಆಗಿನ ಕಾಲಕ್ಕೆ ಅದು ದೊಡ್ಡ ಮಾತು. ಬಂದುಹೋಗುವವರೇ ಇಷ್ಟು ಹೆಚ್ಚಾದಮೇಲೆ ಅಷ್ಟು ಸಾಲದು.

ಒಂದು ವಿಷಯ ಸ್ಪಷ್ಟವಾಗಿರಲಿ. ನಾನು ಹೇಳುತ್ತಿರುವುದು ರಜೆಯಲ್ಲಿ ಬರುವ ನಮ್ಮ ಬಗ್ಗೆ. ತಲೆಮಾರುಗಳಿಂದ ಕಾಡಿನಲ್ಲೇ ಬದುಕುವವರ ಬಗ್ಗೆ ಅಲ್ಲ. 1872ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾದ ಮೇಲೆ ಅಲ್ಲಿನ ಮೂಲನಿವಾಸಿಗಳನ್ನು ಹೊರದಬ್ಬಿದ ಅನ್ಯಾಯವನ್ನು ಸಂರಕ್ಷಣೆಯ ಹೆಸರಿನಲ್ಲಿ ಮತ್ತೆ ಮಾಡಬಾರದು.

ನಾನು ಈಗ ಎಲ್ಲಿಗಾದರೂ ಹೊರಡುವ ಮೊದಲು ಆ ತಿಂಗಳಲ್ಲಿ ಅಲ್ಲಿ ಯಾವ ಪ್ರಾಣಿ ಮರಿ ಹಾಕುತ್ತದೆ, ಯಾವ ಹಕ್ಕಿ ಗೂಡು ಕಟ್ಟುತ್ತದೆ ಅಂತ ಕೇಳುತ್ತೇನೆ. ಉತ್ತರ ಸರಿಬರದಿದ್ದರೆ ಬೇರೆ ತಿಂಗಳು ನೋಡುತ್ತೇನೆ. ಗೂಡು ಕಂಡರೆ ಫೋಟೊ ಹಾಕುವುದಿಲ್ಲ, ಜಾಗ ಹೇಳುವುದಿಲ್ಲ. ದಾರಿ ಮುಚ್ಚಿದ್ದಾರೆ, ತೆರೆಸಿ ಅಂತ ಸಹಿ ಸಂಗ್ರಹದ ಮನವಿ ಬಂದರೆ ಮೊದಲು ಯಾಕೆ ಮುಚ್ಚಿದ್ದಾರೆ ಅಂತ ವಿಚಾರಿಸುತ್ತೇನೆ. ಆ ಕೊಲೊರಾಡೊದ ಎಲ್ಕ್‌ಗಳನ್ನು ಎಬ್ಬಿಸುವುದು ನಿಲ್ಲಿಸಿದ ಮೇಲೆ ಏನಾಯಿತು ಅಂತಲೂ ಸಂಶೋಧಕರು ಎಣಿಸಿದ್ದರು. ಮರಿಗಳ ಪ್ರಮಾಣ ಮತ್ತೆ ಮೊದಲಿನ ಮಟ್ಟಕ್ಕೆ ಬಂದಿತ್ತು.