ಅಪ್ಪ ಏನು ಕೇಳಿಕೊಳ್ಳುತ್ತಿದ್ದರು?

ಅಪ್ಪ ದಿನಾ ಬೆಳಗ್ಗೆ ಕಣ್ಣು ಮುಚ್ಚಿ ಕೂತು ಪ್ರಾರ್ಥಿಸುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಅವರ ಕೈಗಡಿಯಾರ, ಕನ್ನಡಕ, ರಸೀದಿಗಳ ಒಂದು ಕಟ್ಟು ನನ್ನ ಪಾಲಿಗೆ ಬಂದವು. ಅಷ್ಟು ವರ್ಷ ದೇವರ ಹತ್ತಿರ ಅವರು ಏನು ಕೇಳಿಕೊಂಡರು, ಕೇಳಿದ್ದು ಸಿಗದಿದ್ದಾಗ ಹೇಗೆ ತಾಳಿಕೊಂಡರು ಎಂಬುದು ಮಾತ್ರ ಅವರ ಜೊತೆಗೇ ಹೋಯಿತು. ನಾನು ದಿನಚರಿ ಹಿಡಿದದ್ದು ಅದಕ್ಕಾಗಿ. ನನ್ನ ಮಗಳು ನನ್ನ ಬಗ್ಗೆ ಹೀಗೆ ಊಹಿಸುತ್ತಾ ಕೂರಬಾರದು.

ಬರೆಯುವ ರೀತಿ ಸರಳ. ಎಡಪುಟದಲ್ಲಿ ತಾರೀಖು ಹಾಕಿ, ಆ ದಿನ ಯಾರಿಗಾಗಿ ಏನು ಬೇಡಿಕೊಂಡೆ ಎಂದು ಬರೆಯುತ್ತೇನೆ. ಬಲಪುಟ ಖಾಲಿ ಬಿಡುತ್ತೇನೆ. ಮುಂದೆ ಏನಾಯಿತೋ ಅದು ಅಲ್ಲಿಗೆ ಬರುತ್ತದೆ, ಅದಕ್ಕೂ ಒಂದು ತಾರೀಖಿನೊಡನೆ. ಕೆಲವು ಬಲಪುಟಗಳು ವಾರದಲ್ಲಿ ತುಂಬಿದವು. ಅಣ್ಣ ಮತ್ತು ನಾನು ಮಾತು ಬಿಟ್ಟಿದ್ದ ಕಾಲದ ಬೇಡಿಕೆಗೆ ಉತ್ತರ ಬರಲು ವರ್ಷಗಳೇ ಹಿಡಿದವು. ಅವನ ಮೊದಲ ಫೋನ್ ಬಂದ ರಾತ್ರಿ ಹಳೆಯ ಪುಸ್ತಕ ಹುಡುಕಿ ತೆಗೆದು, ಆ ಪುಟದಲ್ಲಿ ಬರೆದೆ: 'ಇವತ್ತು ಅಣ್ಣ ಮಾತಾಡಿದ. ಮೊದಲು ಕೇಳಿದ್ದು ನನ್ನ ಮಂಡಿನೋವಿನ ಬಗ್ಗೆ.'

ಬರೆಯದೇ ಉಳಿದ ಬಲಪುಟಗಳೂ ಇವೆ. ನನ್ನ ಗೆಳತಿ ಕಾಯಿಲೆ ಬಿದ್ದಾಗ ತಿಂಗಳುಗಟ್ಟಲೆ ಅವಳ ಹೆಸರನ್ನೇ ಬರೆದೆ. ಅವಳು ಉಳಿಯಲಿಲ್ಲ. ಆ ವಾರದ ಎಡಪುಟಗಳಲ್ಲಿ ಇರುವುದು ಒಂದೇ ಸಾಲು: 'ಇವತ್ತೂ ಪ್ರಾರ್ಥನೆ ಬರಲಿಲ್ಲ, ಸುಮ್ಮನೆ ಕೂತಿದ್ದೆ.' ಆ ಪುಟಗಳನ್ನು ನಾನು ಹರಿದಿಲ್ಲ, ಹರಿಯುವುದೂ ಇಲ್ಲ. ಮಗಳಿಗೂ ಒಂದು ದಿನ ದೇವರ ಮೇಲೆ ಸಿಟ್ಟು ಬರುತ್ತದೆ. ಅಮ್ಮನಿಗೂ ಬಂದಿತ್ತು, ಆದರೂ ಅಮ್ಮ ಮಾರನೆಯ ದಿನ ಅದೇ ಜಾಗದಲ್ಲಿ ಹೋಗಿ ಕೂತಳು ಎಂಬುದು ಅವಳಿಗೆ ಆಗ ಬೇಕಾಗುತ್ತದೆ. ಗೆದ್ದ ಪ್ರಾರ್ಥನೆಗಳನ್ನಷ್ಟೇ ಬರೆದಿಟ್ಟರೆ ಅದನ್ನು ಓದುವ ಮಕ್ಕಳು ತಮ್ಮ ನಂಬಿಕೆಯೇ ಸಣ್ಣದು ಎಂದುಕೊಂಡಾರು.

ಫ್ರಾನ್ಸಿನ ಗಣಿತಜ್ಞ ಬ್ಲೇಸ್ ಪ್ಯಾಸ್ಕಲ್ 1654ರ ನವೆಂಬರ್ 23ರ ರಾತ್ರಿ ತನಗಾದ ದೈವಾನುಭವವನ್ನು ಬರೆದಿಟ್ಟ. ಸುಮಾರು ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ ಎಂದು ಹೊತ್ತನ್ನೂ ನಮೂದಿಸಿದ. ಅದನ್ನು ಅಂಗಿಯ ಒಳಪದರದಲ್ಲಿ ಹೊಲಿದು ಕೊನೆಯವರೆಗೂ ಮೈಮೇಲೆ ಇಟ್ಟುಕೊಂಡಿದ್ದ. 1662ರಲ್ಲಿ ಅವನು ಸತ್ತ ಮೇಲೆ ಅದು ಸೇವಕನ ಕಣ್ಣಿಗೆ ಬಿತ್ತು. ಆ ಸೇವಕ ಬಟ್ಟೆಯನ್ನು ತಡವಿ ನೋಡದೆ ಇದ್ದಿದ್ದರೆ? ನನ್ನ ಪುಸ್ತಕಗಳು ಯಾವ ಕಪಾಟಿನಲ್ಲಿವೆ ಎಂದು ಮನೆಯವರಿಗೆಲ್ಲ ಹೇಳಿದ್ದೇನೆ.

ಪ್ರೀತಿಯ ವಿಷಯ ಬರೆಯುವಾಗ ದೊಡ್ಡ ಮಾತು ನನಗೆ ಹಿಡಿಸುವುದಿಲ್ಲ. 'ನಿನ್ನನ್ನು ತುಂಬಾ ಪ್ರೀತಿಸುತ್ತೇನೆ' ಎಂದು ಎಲ್ಲ ತಾಯಂದಿರೂ ಬರೆದಾರು. ಮಗಳಿಗೆ ಎಂಟು ವರ್ಷವಿದ್ದಾಗ, ತರಗತಿಯಲ್ಲಿ ಯಾರೂ ಸೇರಿಸಿಕೊಳ್ಳದ ಹುಡುಗಿಯ ಪಕ್ಕದಲ್ಲಿ ತಾನಾಗಿ ಹೋಗಿ ಕೂತಿದ್ದಳು. ಮನೆಯಲ್ಲಿ ಅದನ್ನು ಹೇಳಲೂ ಇಲ್ಲ, ನನಗೆ ಬೇರೆಯವರಿಂದ ಗೊತ್ತಾಯಿತು. ಅಂಥದ್ದನ್ನು ಬರೆದಿಡುತ್ತೇನೆ. ಅವಳೇ ಮರೆತ ಅವಳ ಒಳ್ಳೆಯತನವನ್ನು ಕಂಡವರಾದರೂ ನೆನಪಿಡಬೇಕಲ್ಲವೇ? ಅವಳಿಗಾಗಿ ಭಯಪಟ್ಟ ರಾತ್ರಿಗಳೂ ಅಲ್ಲಿವೆ.

ಇನ್ನು ಕಾಗದ, ಶಾಯಿ. ಅಪ್ಪನ ಕಟ್ಟಿನಲ್ಲಿ ಯಂತ್ರದಲ್ಲಿ ಮುದ್ರಿಸಿದ ರಸೀದಿಗಳು ಪೂರ್ತಿ ಬೆಳ್ಳಗಾಗಿವೆ, ಏಕೆಂದರೆ ಆ ಥರ್ಮಲ್ ಕಾಗದದ ಅಕ್ಷರ ಶಾಖ, ಬೆಳಕಿಗೆ ಅಳಿಸಿಹೋಗುತ್ತದೆ. ಅವುಗಳ ಹಿಂದೆ ಅವರು ಪೆನ್ಸಿಲ್‌ನಲ್ಲಿ ಬರೆದ ಲೆಕ್ಕ ಮಾತ್ರ ನಿನ್ನೆ ಬರೆದಂತಿದೆ. ಪೆನ್ಸಿಲ್ಲಿನ ಗ್ರಾಫೈಟ್ ಬೆಳಕಿಗೆ ಮಾಸುವುದಿಲ್ಲ. ಪೆನ್ನೇ ಬೇಕೆಂದರೆ ಪಿಗ್ಮೆಂಟ್ ಶಾಯಿಯದು, ಅಂದರೆ ಕರಗದ ಬಣ್ಣದ ಕಣಗಳಿರುವ ಶಾಯಿಯದು, ಒಳ್ಳೆಯದು. ಬಣ್ಣ ಕರಗಿಸಿ ಮಾಡಿದ ಡೈ ಶಾಯಿ ಬೇಗ ಮಸುಕಾಗುತ್ತದೆ. ಅಗ್ಗದ ಕಾಗದದಲ್ಲಿ ಆಮ್ಲದ ಅಂಶ ಇದ್ದು ಹಾಳೆ ಹಳದಿಯಾಗಿ ಪುಡಿಯಾಗುತ್ತದೆ, ಹಾಗಾಗಿ ಆಮ್ಲರಹಿತ ಹಾಳೆಯ ಪುಸ್ತಕ ಕೊಳ್ಳುವುದು ಮೇಲು. ಹರಿದ ಪುಟಕ್ಕೆ ಸೆಲೋಟೇಪ್ ಹಚ್ಚಬೇಡಿ, ಅದರ ಅಂಟು ಕಾಗದಕ್ಕೆ ಇಳಿದು ಕಲೆಯಾಗುತ್ತದೆ. ಫೋನಿನಲ್ಲಿ ಬರೆಯುವವರು ಪಾಸ್‌ವರ್ಡನ್ನು ನಂಬಿಕೆಯ ಒಬ್ಬರಿಗಾದರೂ ತಿಳಿಸಿ, ವರ್ಷಕ್ಕೊಮ್ಮೆ ಅಚ್ಚು ಹಾಕಿಸಿಡಿ. ಅಕ್ಷರವೂ ಓದುವ ಹಾಗಿರಲಿ. ಇಂಗ್ಲೆಂಡಿನ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1660ರಿಂದ 1669ರವರೆಗೆ ಶೀಘ್ರಲಿಪಿಯಲ್ಲಿ ಬರೆದ ದಿನಚರಿ 1825ರಲ್ಲಿ ಅಚ್ಚಾಗುವ ಮೊದಲು, ಅದನ್ನು ಬಿಡಿಸಿ ಬರೆಯಲು ಒಬ್ಬ ವಿದ್ಯಾರ್ಥಿಗೆ ಮೂರು ವರ್ಷ ಬೇಕಾಯಿತು. ನಮ್ಮ ಮಕ್ಕಳಿಗೆ ಅಷ್ಟು ಪುರುಸೊತ್ತು ಎಲ್ಲಿ?

ಇನ್ನೊಬ್ಬರು ನನ್ನನ್ನು ನಂಬಿ ಹೇಳಿದ ಗುಟ್ಟುಗಳು ಈ ಪುಸ್ತಕದಲ್ಲಿಲ್ಲ. ಅವರಿಗಾಗಿ ಬೇಡಿಕೊಂಡ ದಿನ 'ಒಬ್ಬರಿಗಾಗಿ' ಎಂದಷ್ಟೇ ಇದೆ. ದೇವರಿಗೆ ಅಷ್ಟು ಸಾಕು.

ನಾನು ಸತ್ತ ಮೇಲೆಯೇ ಓದಬೇಕು ಎಂಬ ನಿಯಮ ಇಟ್ಟಿಲ್ಲ. ಕಳೆದ ಸಲ ಬಂದಾಗ ಮಗಳು ಒಂದು ಪುಸ್ತಕ ತೆಗೆದು ಸಂಜೆಯವರೆಗೂ ಓದಿದಳು. "ಅಮ್ಮಾ, ಆ ದಿನ ನಾನು ಅತ್ತದ್ದು ಜ್ವರಕ್ಕಲ್ಲ, ನೀನು ಬಾಗಿಲ ಹೊರಗೆ ಅಳುತ್ತಿದ್ದದ್ದು ಕೇಳಿಸಿತ್ತು" ಎಂದಳು. ಪೆನ್ಸಿಲ್ ಕೊಟ್ಟೆ. ಬಲಪುಟದಲ್ಲಿ ಅವಳೇ ಬರೆದಳು.