ಅಮ್ಮನ ಬೋರ್‌ವೆಲ್ ನೀರಿಗೆ ಒಂದು ಸಾಬೂನು

ಮೊದಲ ದಿನ, ಭಾನುವಾರ

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಮನೆಮಂದಿಯೆಲ್ಲ ಮೈಸೂರಿನಿಂದ ಪಾಂಡವಪುರದ ಕಡೆಗೆ ಹೊರಟೆವು. ನಾನು, ಯಜಮಾನರು, ಎಂಟು ವರ್ಷದ ಮಗಳು, ತಂಗಿ, ಹತ್ತನೇ ತರಗತಿಯಲ್ಲಿ ಓದುತ್ತಿರುವ ಅವಳ ಮಗ. ಅಮ್ಮನನ್ನು ಮಂಡ್ಯದ ಹತ್ತಿರದ ನಮ್ಮ ಊರಿನಿಂದ ತಮ್ಮ ಕರೆತಂದು ದಾರಿಯಲ್ಲಿ ನಮ್ಮನ್ನು ಸೇರಿಕೊಂಡ. ಬೆಳಿಗ್ಗೆ ಕುಂತಿಬೆಟ್ಟ ಹತ್ತುವುದು, ಕೆಳಗೆ ಬಂದು ಬುತ್ತಿ ಬಿಚ್ಚುವುದು, ಮಧ್ಯಾಹ್ನ ಪರಿಚಯದವರ ತೋಟದಲ್ಲಿ ಸಾಬೂನು ಮಾಡುವುದನ್ನು ನೋಡುವುದು ಎಂದು ಮಾತಾಗಿತ್ತು. ಬೆಟ್ಟ, ಬುತ್ತಿ ಎರಡೂ ಚೆನ್ನಾಗಿದ್ದವು. ಆದರೆ ಈ ಟಿಪ್ಪಣಿ ಮಧ್ಯಾಹ್ನದ್ದು.

ತೋಟದ ಅಕ್ಕ ಹುಣಸೆಮರದ ನೆರಳಿನಲ್ಲಿ ಮೇಜು ಹಾಕಿ, ಎಲ್ಲವನ್ನೂ ತೂಕ ಮಾಡಿ ಇಟ್ಟಿದ್ದರು. ಮೊದಲು ಅವರು ಹೇಳಿದ್ದು ಒಂದೇ ಮಾತು: "ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್ ಸೋಡಾಕ್ಕೆ ಹಾಕಬಾರದು." ಮಕ್ಕಳಿಂದ ಮೂರು ಸಲ ಹೇಳಿಸಿದರು. ಎಣ್ಣೆಯನ್ನು ಸಾಬೂನಾಗಿಸುವ, ಚರ್ಮ ಸುಡುವ ಕ್ಷಾರ ಅದು, ಈ ಟಿಪ್ಪಣಿಯಲ್ಲಿ ಸೋಡಾ ಎಂದರೆ ಅದೇ. ಸೋಡಾ ಕರಗುವಾಗ ನೀರು ತಾನಾಗಿಯೇ ಕಾಯುತ್ತದೆ. ಅವರ ಥರ್ಮಾಮೀಟರಿನಲ್ಲಿ ಒಂದು ನಿಮಿಷದೊಳಗೆ 85 ಡಿಗ್ರಿ ತೋರಿಸಿತು. ಒಲೆಯಿಲ್ಲ, ಬೆಂಕಿಯಿಲ್ಲ. ಮಗಳು ನನ್ನ ಸೆರಗು ಹಿಡಿದು ಹಿಂದೆ ಸರಿದಳು. ತಿರುಗಿಸಿ ಹಾಕಿದರೆ, ಅಂದರೆ ಸೋಡಾದ ಮೇಲೆ ನೀರು ಸುರಿದರೆ, ಅಷ್ಟೂ ಬಿಸಿ ಒಂದೇ ಕಡೆ ಹುಟ್ಟಿ ಮುಖಕ್ಕೆ ಸಿಡಿಯುತ್ತದೆ. ಕೈಗೆ ತಾಗಿದರೆ ಏನು ಮಾಡಬೇಕೆಂದು ತಂಗಿ ಕೇಳಿದಳು. ವಿನೆಗರ್, ನಿಂಬೆರಸ ಏನನ್ನೂ ಹುಡುಕುತ್ತ ನಿಲ್ಲಬಾರದು, ನಲ್ಲಿಯ ಕೆಳಗೆ ಬಹಳ ಹೊತ್ತು ನೀರು ಬಿಡಬೇಕು ಎಂದರು.

ಎಣ್ಣೆ ಮತ್ತು ಸೋಡಾ ನೀರು ಎರಡೂ 40 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆ ಬೆರೆಸಿ ಕಡೆಯುವ ಕೆಲಸ. ಅವರು ಕೈಯಿಂದಲೇ ಕಡೆಯುತ್ತಾರೆ. ಅಮ್ಮ ಸುಮ್ಮನೆ ಕೂರಲಾರದೆ ತಾನೂ ಕೈಗವಸು ತೊಟ್ಟು ಮುಂದೆ ಬಂದಳು. ಮಜ್ಜಿಗೆ ಕಡೆದು ಪಳಗಿದ ಕೈ ಅದು. ಅರ್ಧ ಗಂಟೆ ದಾಟಿದ ಮೇಲೆ ಒಂದು ಕ್ಷಣ ನಿಲ್ಲಿಸಿ, ಕಡ್ಡಿ ಮೇಲೆತ್ತಿ, ಬೀಳುತ್ತಿದ್ದ ಹನಿಯನ್ನು ನೋಡಿ, "ಹದ ಬಂತು" ಎಂದಳು. ಅಕ್ಕ ಬಗ್ಗಿ ನೋಡಿದರು. ಬಿದ್ದ ಹನಿ ಕೂಡಲೇ ಮುಳುಗದೆ ಮೇಲೆ ಒಂದು ಗೆರೆಯಾಗಿ ನಿಂತಿತ್ತು. ಅವರು ಅದನ್ನು "ಗೆರೆ" ಎಂದೇ ಕರೆಯುತ್ತಾರೆ. ಅಲ್ಲಿಗೆ ಎಣ್ಣೆಯೂ ನೀರೂ ಮತ್ತೆ ಬೇರೆಯಾಗುವುದಿಲ್ಲ. ಅಮ್ಮ ಆಲೆಮನೆಯ ಕೊಪ್ಪರಿಗೆಯ ಮುಂದೆ ಬೆಳೆದವಳು. ಪಾಕ ಯಾವಾಗ ಇಳಿಸಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಚ್ಚಿಗೆ ಸುರಿದಾದ ಮೇಲೆ ಅಮ್ಮ ಕೇಳಿದ ಪ್ರಶ್ನೆಯೇ ಈ ಎಲ್ಲ ಕೆಲಸಕ್ಕೂ ಕಾರಣವಾಯಿತು: "ನಮ್ಮ ಬೋರ್‌ವೆಲ್ ನೀರಿನಲ್ಲಿ ಇದು ನೊರೆ ಬಿಡುತ್ತದೆಯೇ?" ಊರಿನ ಮನೆಯ ನೀರು ಗಡಸು. ಸಾಬೂನು ಎಷ್ಟು ಉಜ್ಜಿದರೂ ನೊರೆಗಿಂತ ಮೊದಲು ಬಿಳಿ ಗಷ್ಟು ಬರುತ್ತದೆ, ಬಕೆಟ್ಟಿನ ಅಂಚಿಗೆ ಅಂಟಿಕೊಂಡು ಕೂರುತ್ತದೆ. ತಂಗಿಯ ಮಗ ತಕ್ಷಣ ಉತ್ತರ ಕೊಟ್ಟ: ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಕರಗದ ಗಷ್ಟಾಗುತ್ತವೆ. ಅವನ ವಿಜ್ಞಾನದ ಪುಸ್ತಕದಲ್ಲಿ ಅದೇ ಪಾಠವಿದೆ, ಮಾರ್ಚ್ ತಿಂಗಳ ಪರೀಕ್ಷೆಗೆ ಓದಿಕೊಳ್ಳುತ್ತಿದ್ದಾನೆ. ಕಾರಣ ಗೊತ್ತಾಯಿತು. ಅಮ್ಮನಿಗೆ ಬೇಕಾಗಿದ್ದು ಸಾಬೂನು.

ಹಿಂದಿರುಗುವಾಗ ವಿಶ್ವೇಶ್ವರಯ್ಯ ನಾಲೆಯ ಪಕ್ಕ ಸ್ವಲ್ಪ ಹೊತ್ತು ನಿಂತೆವು. ಈ ಸೀಮೆಗೆ ನೀರು ತಂದ ಹೆಸರು ಮೈಸೂರು ಸ್ಯಾಂಡಲ್ ಸಾಬೂನಿನ ಕಥೆಯಲ್ಲೂ ಇದೆ ಎಂಬುದು ನನಗೆ ಯಾವಾಗಲೂ ಹೆಮ್ಮೆಯ ವಿಷಯ. ಮೊದಲ ಮಹಾಯುದ್ಧದಿಂದ ಯುರೋಪಿಗೆ ಶ್ರೀಗಂಧದ ರಫ್ತು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1916ರಲ್ಲಿ ಮೈಸೂರು ಸಂಸ್ಥಾನದಲ್ಲಿ ಗಂಧದೆಣ್ಣೆ ಬಟ್ಟಿ ಇಳಿಸಲು ಆರಂಭಿಸಿದರು. ಆ ಎಣ್ಣೆಯನ್ನು ಸಾಬೂನಿಗೆ ಇಳಿಸುವ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಸೋಸಲೆ ಇರುವುದು ನಮ್ಮ ತಿರುಮಕೂಡಲು ನರಸೀಪುರದ ಪಕ್ಕದಲ್ಲೇ.

7ನೇ ದಿನ, ಮೊದಲ ಹದ

ಮನೆಯಲ್ಲಿ ಮೊದಲ ಪ್ರಯತ್ನ. ಗಾಣದ ಕೊಬ್ಬರಿ ಎಣ್ಣೆ 300 ಗ್ರಾಂ, ಕಡಲೆಕಾಯಿ ಎಣ್ಣೆ 150 ಗ್ರಾಂ, ಹರಳೆಣ್ಣೆ 50 ಗ್ರಾಂ. ಪ್ರತಿ ಎಣ್ಣೆಯೂ ತನ್ನದೇ ಪ್ರಮಾಣದ ಸೋಡಾ ಕೇಳುತ್ತದೆ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ 0.183 ಗ್ರಾಂ, ಕಡಲೆಕಾಯಿ ಎಣ್ಣೆಗೆ 0.136, ಹರಳೆಣ್ಣೆಗೆ 0.128. ಗುಣಿಸಿ ಕೂಡಿದರೆ 81.7 ಗ್ರಾಂ. ಅದರಲ್ಲಿ ನೂರಕ್ಕೆ 5 ಭಾಗ ಕಡಿಮೆ ಮಾಡಿ 77.6 ಗ್ರಾಂ ತೆಗೆದುಕೊಂಡೆ. ಆ ಕಡಿತ ಬಹಳ ಮುಖ್ಯ. ಸ್ವಲ್ಪ ಎಣ್ಣೆ ಸಾಬೂನಾಗದೆ ಉಳಿದರೆ ಚರ್ಮಕ್ಕೆ ಮೃದು. ಸ್ವಲ್ಪ ಸೋಡಾ ಉಳಿದರೆ ಚರ್ಮ ಸುಡುತ್ತದೆ. ನೀರು 155 ಗ್ರಾಂ. ಎಲ್ಲವೂ ತೂಕದಲ್ಲಿ, ಲೋಟದ ಅಳತೆಯಲ್ಲಲ್ಲ. ಅಡುಗೆಯಲ್ಲಿ ಕಣ್ಣಂದಾಜು ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಪುಟ್ಟ ತಕ್ಕಡಿಯನ್ನು ಇದಕ್ಕೆಂದೇ ಕೊಂಡೆ.

ಸಹಾಯಕ್ಕೆ ಬಂದಿದ್ದ ತಂಗಿ ಅಟ್ಟದಿಂದ ಹಳೆಯ ಅಲ್ಯೂಮಿನಿಯಂ ಪಾತ್ರೆ ಇಳಿಸಿಕೊಂಡು ಬಂದಳು. ಸದ್ಯ, ನೋಡಿದೆ. ಅಲ್ಯೂಮಿನಿಯಂ ಮೇಲೆ ಕಾಸ್ಟಿಕ್ ಸೋಡಾ ಬಿದ್ದರೆ ಪಾತ್ರೆಯನ್ನೇ ತಿಂದುಹಾಕುತ್ತದೆ, ಹೈಡ್ರೋಜನ್ ಅನಿಲ ಹೊರಡುತ್ತದೆ. ಹಿಂಡಾಲಿಯಂ ಕೂಡ ಅದೇ ಜಾತಿ. ಸ್ಟೀಲ್ ಪಾತ್ರೆ, ಸ್ಟೀಲ್ ಸೌಟು, ಅವೂ ಇನ್ನು ಮುಂದೆ ಸಾಬೂನಿಗೆ ಮಾತ್ರ. ಕನ್ನಡಕ, ಕೈಗವಸು, ತೆರೆದ ಕಿಟಕಿ. ಸೋಡಾ ಕರಗಿಸುವಾಗ ಮಗಳನ್ನು ಅಡುಗೆಮನೆಯ ಹೊಸ್ತಿಲಿನಿಂದ ಆಚೆ ನಿಲ್ಲಿಸಿದ್ದೆ.

ಅಚ್ಚಿನ ವಿಷಯದಲ್ಲಿ ನನಗೊಂದು ಆಸೆಯಿತ್ತು. ಸಕ್ಕರೆ ಅಚ್ಚಿನ ಹಳೆಯ ಮರದ ಅಚ್ಚುಗಳು ಅಮ್ಮನ ಹತ್ತಿರ ಇವೆ. ಗಿಳಿ, ಆನೆ, ಗೋಪುರ. ಅವುಗಳಲ್ಲಿ ಸಾಬೂನು ಸುರಿದರೆ ಎಷ್ಟು ಚೆಂದ! ಫೋನಿನಲ್ಲಿ ಕೇಳಿದೆ. ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ಅವು ನಿಮ್ಮ ಅಜ್ಜಿಯವು, ಎಳ್ಳುಬೀರುವ ಹಬ್ಬಕ್ಕೆ ಬೇಕು" ಎಂದಳು. ಸಾಬೂನಿಗೆ ಬಳಸಿದ ಮರದ ಅಚ್ಚಿನಲ್ಲಿ ಮತ್ತೆ ತಿನ್ನುವ ವಸ್ತು ಮಾಡುವಂತಿಲ್ಲ. ಅಮ್ಮ ಸರಿ. ಖಾಲಿ ಹಾಲಿನ ಪೆಟ್ಟಿಗೆಗೆ ಬೆಣ್ಣೆ ಕಾಗದ ಹಾಸಿ ಸುರಿದೆ. ಮಗಳು ಅಂದು ಬೆಳಿಗ್ಗೆ ದೇವರಾಜ ಮಾರುಕಟ್ಟೆಯಿಂದ ತಂದ ಮಲ್ಲಿಗೆ ಮೊಗ್ಗುಗಳನ್ನು ಮೇಲೆ ಸಾಲಾಗಿ ಜೋಡಿಸಿದಳು. ಹಳೆಯ ಕಂಬಳಿ ಹೊದಿಸಿಟ್ಟೆವು.

8ನೇ ದಿನ

ಬಿಡಿಸಿ ಕತ್ತರಿಸಿದೆ, ಏಳು ಬಿಲ್ಲೆಗಳು. ಒಳಗೆ ದಂತದ ಬಣ್ಣ, ನಯ, ಕತ್ತಿ ಇಳಿದ ಗುರುತು ಬೆಣ್ಣೆಯಲ್ಲಿ ಇಳಿದಂತೆ. ಆದರೆ ಮಲ್ಲಿಗೆ ಮೊಗ್ಗುಗಳು ಕಂದುಬಣ್ಣಕ್ಕೆ ತಿರುಗಿ ಸುಟ್ಟ ಲವಂಗದಂತಾಗಿದ್ದವು. ಪರಿಮಳ ಒಂದಿಷ್ಟೂ ಇಲ್ಲ. ಕ್ಷಾರದ ಮುಂದೆ ಹೂವು ಉಳಿಯುವುದಿಲ್ಲ. ಮಗಳ ಕಣ್ಣು ತುಂಬಿಬಂತು. ಮೊಗ್ಗುಗಳನ್ನು ಒಂದೊಂದಾಗಿ ಕಿತ್ತು ತೆಗೆದೆವು. ಆ ಜಾಗದ ಸಣ್ಣ ಕುಳಿಗಳು ಈಗಲೂ ಇವೆ, ಅವುಗಳನ್ನು ನೋಡಿಯೇ ಇದು ಮೊದಲ ಹದದ ಬಿಲ್ಲೆ ಎಂದು ಗುರುತಿಸುತ್ತೇನೆ.

ಒಂದು ಬಿಲ್ಲೆ 102 ಗ್ರಾಂ ತೂಗಿತು. ಬಿದಿರಿನ ಮೊರದಲ್ಲಿ ಬಿಡಿಬಿಡಿಯಾಗಿ ಇಟ್ಟು, ಗಾಳಿಯಾಡುವ ಕಡೆ, ಬಿಸಿಲು ಬೀಳದಂತೆ ಮೇಲಿಟ್ಟಿದ್ದೇನೆ.

22ನೇ ದಿನ, ಬೆಲ್ಲದ ಹದ

ಮಂಡ್ಯದವಳಾಗಿ ಬೆಲ್ಲ ಹಾಕದೆ ಹೇಗಿರಲಿ? ಸಕ್ಕರೆಯ ಅಂಶ ನೊರೆಯನ್ನು ಹೆಚ್ಚಿಸುತ್ತದೆ ಎಂದು ತೋಟದ ಅಕ್ಕ ಹೇಳಿದ್ದರು. ಅದೇ ಎಣ್ಣೆ, ಅದೇ ಸೋಡಾ. ಜೊತೆಗೆ 15 ಗ್ರಾಂ ಬೆಲ್ಲವನ್ನು ಒಂದು ದೊಡ್ಡ ಚಮಚ ನೀರಿನಲ್ಲಿ ಕರಗಿಸಿ, ಸೋಸಿ, ಗೆರೆ ಬಿದ್ದ ಮೇಲೆ ಬೆರೆಸಿದೆ. ತಪ್ಪಾದದ್ದು ಆಮೇಲೆ. ಮೊದಲ ಹದದಂತೆಯೇ ಕಂಬಳಿ ಹೊದಿಸಿಟ್ಟೆ. ಬೆಲ್ಲ ಬಿದ್ದ ಸಾಬೂನು ತಾನಾಗಿಯೇ ಹೆಚ್ಚು ಕಾಯುತ್ತದೆ. ಎರಡು ಗಂಟೆಯ ನಂತರ ಕಂಬಳಿ ತೆಗೆದು ನೋಡಿದರೆ ಮಧ್ಯ ಉಬ್ಬಿ, ಉದ್ದಕ್ಕೂ ಬಿರುಕು ಬಿಟ್ಟಿತ್ತು, ಬೇಸಿಗೆಯ ಕೆರೆಯಂಗಳದ ಹಾಗೆ. ಕೂಡಲೇ ಫ್ಯಾನಿನ ಕೆಳಗೆ ಇಟ್ಟೆ. ಬಿರುಕು ಅರ್ಧ ಮುಚ್ಚಿತು. ಬಣ್ಣ ಮಾತ್ರ ಹಳೆಯ ಬೆಲ್ಲದಂತೆ ಕೆಂಗಂದು, ನನಗೆ ಬಹಳ ಹಿಡಿಸಿತು.

ಬೆಲ್ಲ ಹಾಕಿದರೆ ಕಂಬಳಿ ಬೇಡ. ಇದನ್ನು ಗೋಡೆಯ ಕ್ಯಾಲೆಂಡರಿನ ಮೇಲೂ ಬರೆದಿಟ್ಟಿದ್ದೇನೆ.

29ನೇ ದಿನ

ಮೊದಲ ಹದದ ಬಿಲ್ಲೆ 94 ಗ್ರಾಂ. ನೀರು ಆರುತ್ತಿದೆ. ಒದ್ದೆ ಬೆರಳಿಗೆ ಸ್ವಲ್ಪ ಸವರಿಕೊಂಡು ನಾಲಿಗೆಯ ತುದಿಗೆ ತಾಗಿಸಿದೆ. ಸೋಡಾ ಉಳಿದಿದ್ದರೆ ಬ್ಯಾಟರಿ ಮುಟ್ಟಿದಂತೆ ಚುರುಕ್ಕೆನ್ನಬೇಕು. ಸಾಬೂನಿನ ರುಚಿ ಬಿಟ್ಟು ಬೇರೇನೂ ಇಲ್ಲ.

42ನೇ ದಿನ, ಊರಿನಲ್ಲಿ

ಮೊದಲ ಹದಕ್ಕೆ ಐದು ವಾರ ಆಯಿತು, ಬಿಲ್ಲೆಯ ತೂಕ 91 ಗ್ರಾಂ. ಎರಡು ಬಿಲ್ಲೆ ಕಟ್ಟಿಕೊಂಡು ಊರಿಗೆ ಹೋದೆ. ಮೈಸೂರಿನ ನಮ್ಮ ಮನೆಗೆ ಬರುವುದು ಕಾವೇರಿ ನೀರು. ಅಲ್ಲಿ ಯಾವ ಸಾಬೂನೂ ನೊರೆ ಬಿಡುತ್ತದೆ, ಅದು ಪರೀಕ್ಷೆಯೇ ಅಲ್ಲ. ನಿಜವಾದ ಪರೀಕ್ಷೆ ಅಮ್ಮನ ಹಿತ್ತಲಿನ ನಲ್ಲಿಯ ಕೆಳಗೆ.

ಅಮ್ಮ ಕೊಟ್ಟಿಗೆ ಕೆಲಸ ಮುಗಿಸಿ ಬಂದು ಕೈ ತೊಳೆದಳು. ನೊರೆ ಬಂತು! ದೊಡ್ಡ ದೊಡ್ಡ ಗುಳ್ಳೆಗಳ ನೊರೆ, ಮಣಿಕಟ್ಟಿನವರೆಗೆ. ಅದು ಕೊಬ್ಬರಿ ಎಣ್ಣೆಯ ಗುಣ, ಆ ಸಾಬೂನು ಉಪ್ಪುನೀರಿನಲ್ಲೂ ನೊರೆ ಕೊಡುತ್ತದೆ. ನಾನು ಹಿಗ್ಗುತ್ತಿರುವಾಗಲೇ ಅಮ್ಮ ಎರಡು ಮಾತು ಹೇಳಿದಳು. ಒಂದು, ಕೈ ಒಣಗಿ ಬಿಗಿದಂತಾಗುತ್ತದೆ. ಎರಡು, ಬಕೆಟ್ಟಿನ ಅಂಚಿನಲ್ಲಿ ಗಷ್ಟು ಹಾಗೆಯೇ ಇದೆ. ಎರಡೂ ನಿಜ. ಕೊಬ್ಬರಿ ಎಣ್ಣೆ ನೂರಕ್ಕೆ 60 ಭಾಗ ಇದ್ದದ್ದು ಹೆಚ್ಚಾಯಿತು, ಕೊಳೆಯ ಜೊತೆ ಚರ್ಮದ ಜಿಡ್ಡನ್ನೂ ಎಳೆದುಕೊಂಡು ಹೋಗುತ್ತದೆ.

ಸಂಜೆ ಜಗಲಿಯ ಮೇಲೆ ಕುಳಿತು ಅಮ್ಮ ತನ್ನ ಕಾಲದ ಮಾತು ತೆಗೆದಳು. ತಲೆಗೆ ಸೀಗೆಕಾಯಿ, ಚಿಗರೆಪುಡಿ. ಮೈಗೆ ಕಡಲೆಹಿಟ್ಟು. ಬಟ್ಟೆಗೆ ಚೌಳುಮಣ್ಣು, ಉಬ್ಬೆ, ಅಂದರೆ ಹಬೆಯಲ್ಲಿ ಬೇಯಿಸುವುದು. ಪಾತ್ರೆಗೆ ಒಲೆಯ ಬೂದಿ. ಜಿಡ್ಡಿನ ಪಾತ್ರೆಗೆ ಬೂದಿ ಹಾಕಿ ಉಜ್ಜಿದಾಗ ಕೈಗೆ ಜಾರುವಂತೆ ಆಗುತ್ತಿತ್ತು ಎಂದಳು. ಬೂದಿಯ ಕ್ಷಾರ ಜಿಡ್ಡಿನ ಜೊತೆ ಸೇರಿದರೆ ಅಲ್ಲೂ ಒಂದಿಷ್ಟು ಸಾಬೂನು ಹುಟ್ಟುತ್ತದೆ. ಅಮ್ಮನ ಕೈ ಆ ಜಾರನ್ನು ಐವತ್ತು ವರ್ಷಗಳ ಹಿಂದೆಯೇ ಬಲ್ಲದು. ತೋಟದಲ್ಲಿ ಅಷ್ಟು ಧೈರ್ಯವಾಗಿ "ಹದ ಬಂತು" ಎಂದದ್ದು ಸುಮ್ಮನಲ್ಲ.

50ನೇ ದಿನ, ಮೂರನೆಯ ಹದ

ಗಷ್ಟಿನ ಬಗ್ಗೆ ತೋಟದ ಅಕ್ಕನಿಗೆ ಫೋನ್ ಮಾಡಿದೆ. ಸಿಟ್ರಿಕ್ ಆಮ್ಲ ಹಾಕಿ ನೋಡಿ ಎಂದರು, ಅಂಗಡಿಗಳಲ್ಲಿ ನಿಂಬೆ ಉಪ್ಪು ಎಂದು ಸಿಗುತ್ತದೆ. ಅದು ಸೋಡಾದ ಜೊತೆ ಸೇರಿ ಸೋಡಿಯಂ ಸಿಟ್ರೇಟ್ ಆಗಿ, ಗಡಸು ನೀರಿನ ಕ್ಯಾಲ್ಸಿಯಂ ಅನ್ನು ತಾನು ಹಿಡಿದುಕೊಳ್ಳುತ್ತದೆ. ಅಷ್ಟರ ಮಟ್ಟಿಗೆ ಸಾಬೂನು ಗಷ್ಟಾಗುವುದು ತಪ್ಪುತ್ತದೆ. ಆದರೆ ಆಮ್ಲ ತನ್ನ ಪಾಲಿನ ಸೋಡಾವನ್ನು ತಿನ್ನುತ್ತದೆ, 10 ಗ್ರಾಂ ಆಮ್ಲಕ್ಕೆ ಸುಮಾರು 6 ಗ್ರಾಂ. ಅದನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಎಣ್ಣೆ ಅಷ್ಟು ಹೆಚ್ಚು ಉಳಿದು ಸಾಬೂನು ಜಿಡ್ಡುಜಿಡ್ಡಾಗುತ್ತದೆ.

ಈ ಸಲದ ಲೆಕ್ಕ: ಕೊಬ್ಬರಿ ಎಣ್ಣೆ 200, ಕಡಲೆಕಾಯಿ ಎಣ್ಣೆ 250, ಹರಳೆಣ್ಣೆ 50 ಗ್ರಾಂ. ಎಣ್ಣೆಗಳಿಗೆ ಬೇಕಾದ ಸೋಡಾ 77, ನೂರಕ್ಕೆ 5 ಕಳೆದರೆ 73, ಆಮ್ಲಕ್ಕೆ 6, ಒಟ್ಟು 79 ಗ್ರಾಂ. ಆಮ್ಲವನ್ನು ಮೊದಲು ನೀರಿನಲ್ಲಿ ಪೂರ್ತಿ ಕರಗಿಸಿ, ನಂತರ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಹಾಕಿದೆ. ಬಿಸಿ ಎಂದಿಗಿಂತ ಜೋರಾಗಿ ಏರಿತು. ಲೆಕ್ಕವನ್ನು ತಂಗಿಯ ಮಗನಿಗೆ ಕೊಟ್ಟು ಇನ್ನೊಮ್ಮೆ ಮಾಡಿಸಿದೆ. ಬೆಲ್ಲ 10 ಗ್ರಾಂ, ಕಂಬಳಿ ಇಲ್ಲ. ಕೊಬ್ಬರಿ ಎಣ್ಣೆ ಕಡಿಮೆಯಾದ್ದರಿಂದ ಗೆರೆ ಬೀಳಲು ಬಹಳ ತಡವಾಯಿತು. ಸುಮಾರು ಒಂದು ಗಂಟೆ ಕಡೆದೆ. ನಡುವೆ ಎರಡು ಸಲ ವಿಡಿಯೋ ಕರೆ ಮಾಡಿ ಅಮ್ಮನಿಗೆ ಪಾತ್ರೆ ತೋರಿಸಿದೆ. "ಇನ್ನೂ ಇಲ್ಲ" ಎಂದಳು. ಮೂರನೆಯ ಸಲ ಹನಿ ಬಿದ್ದು ನಿಂತಿತು, ನಾನು ಕರೆ ಮಾಡಲಿಲ್ಲ, ಸುರಿದೆ.

53ನೇ ದಿನ

ಬಿಡಿಸಲು ಮೂರು ದಿನ ಬೇಕಾಯಿತು. ಕಡಲೆಕಾಯಿ ಎಣ್ಣೆ ಹೆಚ್ಚಿದ್ದರಿಂದ ಇನ್ನೂ ಮೆದು, ಬೆರಳಿನ ಗುರುತು ಬೀಳುತ್ತದೆ. ಬಣ್ಣ ತಿಳಿ ಜೇನಿನದು. ಇದಕ್ಕೆ ಆರು ವಾರ ಪೂರ್ತಿ ಕೊಡಬೇಕು.

ಈ ನಡುವೆ ಬೆಲ್ಲದ ಬಿಲ್ಲೆಯೊಂದನ್ನು, ಬಿರುಕು ಬಿಟ್ಟದ್ದನ್ನೇ, ಅಮ್ಮ ತನಗಿರಲಿ ಎಂದು ಕೇಳಿ ತರಿಸಿಕೊಂಡಳು. ಇನ್ನೂ ಪೂರ್ತಿ ಆರಿಲ್ಲ, ಬೇಗ ಕರಗಿಹೋಗುತ್ತದೆ ಎಂದೆ. ಹಿತ್ತಲಿನ ನಲ್ಲಿಯ ಪಕ್ಕ ತೆಂಗಿನ ಚಿಪ್ಪಿನಲ್ಲಿ, ನೀರು ಇಳಿದುಹೋಗುವಂತೆ ಚಿಪ್ಪಿನ ಕಣ್ಣು ತೂತು ಮಾಡಿ, ಅದನ್ನು ಇಟ್ಟಿದ್ದಾಳೆ ಎಂದು ತಮ್ಮ ಫೋಟೋ ಕಳುಹಿಸಿದ. ಮೂರನೆಯ ಹದ ಏಪ್ರಿಲ್ ಕೊನೆಯ ವಾರಕ್ಕೆ ಸಿದ್ಧವಾಗುತ್ತದೆ. ಹುಡುಗನ ಪರೀಕ್ಷೆಯೂ ಅಷ್ಟರಲ್ಲಿ ಮುಗಿದಿರುತ್ತದೆ. ಎಲ್ಲರೂ ಊರಿಗೆ ಹೋಗುವುದೆಂದು ತೀರ್ಮಾನವಾಗಿದೆ. ಬಕೆಟ್ಟನ್ನು ಅಂದಿಗೆ ಉಜ್ಜಿ ತೊಳೆದಿಡಲು ಅಮ್ಮನಿಗೆ ಹೇಳಿದ್ದೇನೆ, ಗಷ್ಟು ಎಷ್ಟು ಕೂರುತ್ತದೆಂದು ಸರಿಯಾಗಿ ಕಾಣಬೇಕು.