ಚೆಂಡು ಪುಟಿಸೋ ಪ್ರಾಜೆಕ್ಟ್, ಮೂರನೇ ವಾರ: ಅದೇ 12 ಫ್ರೇಮ್, ಮೂರು ಥರ

ಅನಿಮೇಷನ್ ಕಲೀತಾ ಮೂರು ವಾರದಿಂದ ಒಂದೇ ಚೆಂಡು ಹಿಡ್ಕೊಂಡು ಕೂತಿದೀನಿ. ಈ ವಾರ ಒಂದು ವಿಷಯ ತಲೆಗೆ ಸರಿಯಾಗಿ ಇಳೀತು, ಟೈಮಿಂಗ್ ಬೇರೆ, ಸ್ಪೇಸಿಂಗ್ ಬೇರೆ. ಮೇಲಿಂದ ನೆಲಕ್ಕೆ ಬರೋಕೆ ಎಷ್ಟು ಫ್ರೇಮ್ (ಒಂದರ ಹಿಂದೊಂದು ಓಡೋ ಬಿಡಿ ಚಿತ್ರ) ಅನ್ನೋದು ಟೈಮಿಂಗ್, ಒಂದೊಂದು ಫ್ರೇಮಲ್ಲಿ ಎಷ್ಟೆಷ್ಟು ದೂರ ಸರೀತು ಅನ್ನೋದು ಸ್ಪೇಸಿಂಗ್.

ಹೋದ ವಾರ ಮೇಲೊಂದು ಕೀ (ಈ ಫ್ರೇಮಲ್ಲಿ ಚೆಂಡು ಇಲ್ಲೇ ಇರಬೇಕು ಅಂತ ಹಾಕೋ ಗುರುತು, ನಡುವಿನದ್ದನ್ನ ಸಾಫ್ಟ್‌ವೇರ್ ತುಂಬುತ್ತೆ), ನೆಲದಲ್ಲೊಂದು ಕೀ, ಮತ್ತೆ ಮೇಲೊಂದು ಕೀ ಹಾಕಿ ಪ್ಲೇ ಮಾಡಿದ್ರೆ ಚೆಂಡು ನೀರೊಳಗೆ ಇಳಿಯೋ ಹಾಗೆ ಮೆಲ್ಲಗೆ ಬಂದು ನೆಲ ಸವರಿ ಹೋಗ್ತಿತ್ತು. ಫ್ರೇಮ್ ಜಾಸ್ತಿ ಆಯ್ತೇನೋ ಅಂತ 20 ಇದ್ದಿದ್ದನ್ನ 15 ಮಾಡಿದೆ, 10 ಮಾಡಿದೆ, 8ಕ್ಕೂ ಇಳಿಸಿದೆ, ಬೇಗ ಬಂತೇ ಹೊರತು ಬಿತ್ತು ಅಂತ ಅನ್ನಿಸ್ಲೇ ಇಲ್ಲ.

ಭಾನುವಾರ ಬೀದಿ ಕ್ರಿಕೆಟ್ಟಿನ ಹಳೇ ಟೆನಿಸ್ ಬಾಲ್ ತಂದು, ಗೋಡೆಗೆ 10 ಸೆಂ.ಮೀ.ಗೊಂದು ಟೇಪ್ ತುಂಡು ಅಂಟಿಸಿ, 120 ಸೆಂ.ಮೀ. ಎತ್ತರದಿಂದ ಅಣ್ಣನ ಮಗಳ ಕೈಲಿ ಬಿಡಿಸಿ ಫೋನಿನ ಸೆಕೆಂಡಿಗೆ 240 ಫ್ರೇಮ್ ಸ್ಲೋಮೋಷನ್ನಲ್ಲಿ ಶೂಟ್ ಮಾಡಿದೆ. ಕೈಯಿಂದ ಬಿಟ್ಟಲ್ಲಿಂದ ನೆಲ ಮುಟ್ಟೋವರೆಗೆ ಎಣಿಸಿದ್ರೆ 119 ಫ್ರೇಮ್, ಹತ್ತಿರತ್ತಿರ ಅರ್ಧ ಸೆಕೆಂಡು. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 12 ಫ್ರೇಮ್. ಪಿಯುಸೀಲಿ ಬಾಯಿಪಾಠ ಮಾಡಿದ್ದ ಅರ್ಧ ಜಿ ಟಿ ಸ್ಕ್ವೇರ್ ಹಾಕಿ ನೋಡಿದೆ, ಅಷ್ಟೇ ಬಂತು, ಎಷ್ಟು ಖುಷಿ ಆಯ್ತು ಅಂದ್ರೆ ಅಣ್ಣನ್ನ ಕರೆದು ತೋರಿಸ್ದೆ.

ಆ 12 ಫ್ರೇಮನ್ನ ಹೇಗೆ ಹಂಚಬೇಕು ಅನ್ನೋದೇ ನಿಜವಾದ ವಿಷಯ. ಮೊದಲ ಫ್ರೇಮಲ್ಲಿ ಸರಿದಿದ್ದು ಒಂದು ಪಾಲು ಅಂದ್ರೆ ಆಮೇಲೆ 3, 5, 7, 9 ಹೀಗೆ ಬೆಸ ಸಂಖ್ಯೆಲೇ ಹೋಗುತ್ತೆ, ಹನ್ನೆರಡನೇ ಫ್ರೇಮಿಗೆ 23 ಪಾಲು. ಅಂದ್ರೆ ಮೊದಲ ಫ್ರೇಮಲ್ಲಿ 1 ಸೆಂ.ಮೀ. ಕೂಡ ಇಲ್ಲ, ಕೊನೇ ಫ್ರೇಮಲ್ಲಿ 19 ಸೆಂ.ಮೀ. ದಾಟುತ್ತೆ! ಅರ್ಧ ಟೈಮ್ ಕಳೆದ್ರೂ ಚೆಂಡು ಇಳಿದಿರೋದು ಬರೀ 30 ಸೆಂ.ಮೀ.

ಮೂರು ಚೆಂಡು ಪಕ್ಕಪಕ್ಕ ಇಟ್ಟೆ, ಮೂರಕ್ಕೂ 12 ಫ್ರೇಮೇ. ಒಂದಕ್ಕೆ ಫ್ರೇಮಿಗೆ ಸಮವಾಗಿ 10 ಸೆಂ.ಮೀ., ಅದು ಲಿಫ್ಟ್ ಇಳಿದ ಹಾಗೆ ಬಂತು. ಇನ್ನೊಂದಕ್ಕೆ ನಾನು ಬಳಸೋ ಅನಿಮೇಷನ್ ಸಾಫ್ಟ್‌ವೇರ್ ಬ್ಲೆಂಡರ್ ತಾನಾಗೇ ಕೊಡೋ ಬೆಝಿಯರ್ ಕರ್ವ್ (ನಯವಾಗಿ ಬಾಗೋ ಗೆರೆ), ಅದು ಎರಡೂ ತುದೀಲಿ ನಿಧಾನ ಮಾಡುತ್ತೆ, ನೀರೊಳಗಿನ ಚೆಂಡು ಎಲ್ಲಿಂದ ಬಂತು ಅಂತ ಅವಾಗ ಗೊತ್ತಾಯ್ತು. ಮೂರನೇದಕ್ಕೆ ಬೆಸ ಸಂಖ್ಯೆ ಲೆಕ್ಕ, ಅದೊಂದೇ ಬಿತ್ತು.

ಗ್ರಾಫ್ ಎಡಿಟರಲ್ಲಿ, ಅಂದ್ರೆ ಚಲನೆಯನ್ನ ಗೆರೆಯಾಗಿ ತೋರಿಸಿ ತಿದ್ದೋಕೆ ಬಿಡೋ ಜಾಗದಲ್ಲಿ, ಮಾಡೋರಿಗೆ ಒಂದು ಮಾತು. ನೆಲದ ಕೀಗೆ ವೆಕ್ಟರ್ ಹ್ಯಾಂಡಲ್ (ಹ್ಯಾಂಡಲ್ ಅಂದ್ರೆ ಗೆರೆಯ ಬಾಗು ತಿದ್ದೋ ಹಿಡಿ, ವೆಕ್ಟರ್ ಆದ್ರೆ ಅದು ಪಕ್ಕದ ಕೀ ಕಡೆಗೆ ನೇರ ತಿರುಗಿರುತ್ತೆ) ಹಾಕಿದ್ರೆ ಮುಗೀತು ಅನ್ಕೊಂಡಿದ್ದೆ, ನಿಧಾನ ಆಗೋದು ಹೋಯ್ತು ನಿಜ, ಆದ್ರೂ ಹೊಡೆತ ಮೆತ್ತಗಿತ್ತು. ಲೆಕ್ಕ ಹಾಕಿದ್ರೆ ನೆಲ ಮುಟ್ಟೋ ಹೊತ್ತಿಗೆ ಚೆಂಡಿನ ವೇಗ ಸರಾಸರಿಯ ಎರಡರಷ್ಟು ಇರಬೇಕು, ವೆಕ್ಟರ್ ಸರಾಸರಿಯಷ್ಟೇ ಕೊಡುತ್ತೆ. ಹ್ಯಾಂಡಲನ್ನ ಬೇಕಾದ ಕಡೆ ಎಳೆಯೋ ಹಾಗೆ ಫ್ರೀ ಮಾಡಿ ಅದರ ತುದೀನ ಬಿದ್ದ ಎತ್ತರದ ಮೂರರಲ್ಲಿ ಎರಡು ಪಾಲಿಗೆ ಎತ್ತಿದೆ, ಸರಿಹೋಯ್ತು.

ಇನ್ನೊಂದು ನೋಡಿದ್ದು, ಸುಲಿದ ತೆಂಗಿನಕಾಯಿನೂ ಅದೇ ಎತ್ತರದಿಂದ ಗೋಣಿಚೀಲದ ಮೇಲೆ ಬಿಟ್ಟೆ, ಅದಕ್ಕೂ 12 ಫ್ರೇಮೇ ಬೇಕಾಯ್ತು. ಭಾರ ಬೀಳೋವಾಗ ಕಾಣಲ್ಲ ಹಾಗಾದ್ರೆ, ಮುಟ್ಟಿದ ಮೇಲೆ ಕಾಣುತ್ತೆ. ಕಾಯಿ ಒಂಚೂರು ಅಲುಗಿ ನಿಂತ್ಬಿಡ್ತು, ಬಾಲ್ 65 ಸೆಂ.ಮೀ. ತನಕ ಎದ್ದು 18 ಫ್ರೇಮ್ ಗಾಳೀಲಿತ್ತು, ಮುಂದಿನ ಪುಟಿತ 13 ಫ್ರೇಮ್. ಇಷ್ಟು ದಿನ ಭಾರ ತೋರಿಸ್ಬೇಕು ಅಂತ ಬೀಳೋದನ್ನೇ ಜೋರು ಮಾಡ್ತಿದ್ದೆ, ಅದನ್ನ ಬಿಟ್ಟೆ.

ರಾತ್ರಿ ಅಮ್ಮನಿಗೆ ಮೂರನೇ ಚೆಂಡು ಮಾತ್ರ ತೋರಿಸ್ದೆ, ಬಣ್ಣ ಹಾಕಿರ್ಲಿಲ್ಲ, ಬರೀ ಬೂದು ಗೋಲ. "ಅಮ್ಮಾ, ಇದು ಯಾವ ಬಾಲ್ ಅನ್ಸುತ್ತೆ?" ಅಂದೆ. ಎರಡು ಸಲ ನೋಡಿ, "ನಿಮ್ಮ ಕ್ರಿಕೆಟ್ ಬಾಲೇ ಅಲ್ವೇನೋ, ಗಾಳಿ ಸ್ವಲ್ಪ ಹೋಗಿದೆ" ಅಂದ್ರು.

ಮುಂದಿನ ವಾರ ಉಯ್ಯಾಲೆ. ಅಲ್ಲಿ ಎರಡೂ ತುದೀಲಿ ಫ್ರೇಮ್ ಒತ್ತೊತ್ತಾಗಿ, ನಡುವೆ ದೂರದೂರ ಇರಬೇಕು, ಆ ಬೆಝಿಯರ್ ಕರ್ವ್ ಅಲ್ಲಿ ಕೆಲಸಕ್ಕೆ ಬರುತ್ತಾ ನೋಡ್ಬೇಕು.